ಇಂಗ್ಲಿಷಿನಲ್ಲಿ ನೋವು ದಾಟುವುದಿಲ್ಲ

ಆ ಊರಿನಲ್ಲಿ ಯಾರನ್ನೂ ಸುಮ್ಮಸುಮ್ಮನೆ ‘ಎಲ್ಲಿ ನೋಯ್ತಿದೆ’ ಎಂದು ಕೇಳುವಂತಿಲ್ಲ. ಅದು ಗೊತ್ತಿಲ್ಲದೆ, ಬಸ್ಸಿನಿಂದ ಇಳಿದವಳೇ ನಾನು ಕೇಳಿಬಿಟ್ಟೆ. ಬಸ್ ಸ್ಟ್ಯಾಂಡಿನ ಎದುರು ಹೂ ಮಾರುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಕೊಟ್ಟುಕೊಂಡು ಮುಖ ಕಿವುಚುತ್ತಿದ್ದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! “ಯಾಕಮ್ಮ, ಎಲ್ಲಿ ನೋಯ್ತಿದೆ?” ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ನಿಜವಾಗ್ಲೂ ಕೇಳ್ತಿದ್ದೀರಾ?” ಎಂದಳು. ಹೂಂ ಎಂದೆ. “ಎಡಸೊಂಟ ಕಣವ್ವ. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ” ಎಂದಳು. ಅಷ್ಟೇ. ಸೂಟ್‌ಕೇಸ್ ಎತ್ತಲು ಬಗ್ಗಿದವಳು ಬಗ್ಗಿದ ಹಾಗೇ ನಿಂತುಬಿಟ್ಟೆ. ಎಡಸೊಂಟಕ್ಕೆ ಯಾರೋ ಹಾರೆ ಹಾಕಿ ಮೀಟಿದಂತಾಯಿತು. ಹೂವಿನವಳು ಎಷ್ಟೋ ದಿನದ ಮೇಲೆ ಎಂಬಂತೆ ನೆಟ್ಟಗೆ ನಿಂತು, ಎರಡು ಮೊಳ ಮಲ್ಲಿಗೆ ನನ್ನ ಕೈಗಿಟ್ಟು, “ನಿಮ್ ಹೊಟ್ಟೆ ತಣ್ಣಗಿರ್ಲಿ. ಹೊತ್ತು ಮುಳುಗೋ ಹೊತ್ಗೆ ಹೋಯ್ತದೆ, ಹೆದ್ರಬ್ಯಾಡಿ” ಎಂದಳು. ನಾನು ಬಾಡಿಗೆ ಮನೆಗೆ ಹೋಗುವಷ್ಟರಲ್ಲಿ ಮನೆಯೊಡತಿ ನನ್ನ ನಡಿಗೆ ನೋಡಿಯೇ, “ಹೂವಿನ ಗೌರಮ್ಮನ ಸೊಂಟ ತಾನೇ?” ಎಂದು ನಕ್ಕಳು.

ಆ ಊರಿನ ರೀತಿಯೇ ಹಾಗೆ. ಒಬ್ಬರು ಕೇಳಿ, ಇನ್ನೊಬ್ಬರು ಹೇಳಿದರೆ, ಹೇಳಿದ ನೋವಿನಲ್ಲಿ ಅರ್ಧ ಪಾಲು ಕೇಳಿದವರಿಗೆ ಬರುತ್ತದೆ. ಹೊತ್ತು ಮುಳುಗುವವರೆಗೆ ಇದ್ದು, ಆಮೇಲೆ ಬಂದ ಕಡೆಗೇ ವಾಪಸ್ ಹೋಗುತ್ತದೆ. ಹೇಳದೆ ಬಚ್ಚಿಟ್ಟ ನೋವು ಬರುವುದಿಲ್ಲ, ಕೇಳದೆ ಇದ್ದವರಿಗೂ ಬರುವುದಿಲ್ಲ. ಹಾಗಾಗಿ ಅಲ್ಲಿನ ಜನ ಎದುರಾದರೆ ‘ಚೆನ್ನಾಗಿದ್ದೀರಾ’ ಎನ್ನುವುದಿಲ್ಲ, ‘ಕಾಫಿ ಆಯ್ತಾ’ ಎಂದು ಮುಂದೆ ಹೋಗುತ್ತಾರೆ. ಮನೆಗಳಲ್ಲಿ ಕೇಳುವುದಕ್ಕೆ ಸರದಿ ಇರುತ್ತದೆ. ಅತ್ತೆಯ ಕೀಲುನೋವಿಗೆ ಸೋಮವಾರ ಮಗ, ಮಂಗಳವಾರ ಸೊಸೆ, ಬುಧವಾರ ಮೊಮ್ಮಗಳು. ಹೆಣ್ಣು ನೋಡಲು ಹೋದವರು ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದೆಲ್ಲ ವಿಚಾರಿಸಿ, ಕೊನೆಗೆ ದನಿ ತಗ್ಗಿಸಿ, “ಹುಡುಗಿ ಕೇಳ್ತಾಳಾ?” ಎನ್ನುತ್ತಾರೆ. ಹುಡುಗಿಯ ಕಡೆಯವರೂ ಬಿಡುವುದಿಲ್ಲ, “ನಿಮ್ ಹುಡ್ಗ ಕೇಳ್ತಾನಾ ಮೊದ್ಲು ಅದನ್ನ ಹೇಳಿ” ಎನ್ನುತ್ತಾರೆ. ಇಲ್ಲದ ನೋವನ್ನು ಇದೆ ಎಂದು ಹೇಳುವವರನ್ನು ಕಂಡರೆ ಊರಿಗೇ ಅಸಹ್ಯ. ಇನ್ನೊಂದು ಕಟ್ಟುಪಾಡು: ಕೇಳಿದವರನ್ನು ತಿರುಗಿ ಕೇಳಬಾರದು. ಹಾಗೇನಾದರೂ ಕೇಳಿದರೆ ಯಾರದು ಯಾರಿಗೆ ಹೋಯಿತೆಂಬ ಲೆಕ್ಕವೇ ತಪ್ಪಿಹೋಗುತ್ತದೆ ಎಂದು ಅವರ ಭಯ.

ಈಗ ಯೋಚನೆ ಮಾಡಿ, ಅಂಥ ಊರಿನ ಆಸ್ಪತ್ರೆಯ ನರ್ಸುಗಳ ಗತಿ ಏನಾಗಬೇಕು? ಕೇಳುವುದೇ ಅವರ ಕೆಲಸ. ಬೆಳಿಗ್ಗೆ ಎಂಟಕ್ಕೆ ವಾರ್ಡಿಗೆ ಹೋದರೆ ಹಾಸಿಗೆ ಹಾಸಿಗೆಗೆ ನಿಂತು ಕೇಳಬೇಕು, ಚಾರ್ಟಿನಲ್ಲಿ ಬರೆಯಬೇಕು. ಒಬ್ಬೊಬ್ಬರಿಗೆ ಎಂಟು ಹಾಸಿಗೆ. ಮೊದಲನೆಯದರಲ್ಲಿ ಮುರಿದ ಕಾಲು, ಎರಡನೆಯದರಲ್ಲಿ ಹೊಟ್ಟೆ ಆಪರೇಷನ್, ಮೂರನೆಯದರಲ್ಲಿ ಸುಟ್ಟ ಗಾಯ. ಹನ್ನೊಂದು ಗಂಟೆಯ ಹೊತ್ತಿಗೆ ನರ್ಸುಗಳೆಲ್ಲ ಗೋಡೆ ಹಿಡಿದು ನಡೆಯುತ್ತಿದ್ದರು. ಮನೆಗೆ ಹೋದರೆ ಅವರನ್ನು ಯಾರೂ ಕೇಳುವಂತಿಲ್ಲ, ಕೇಳಿದರೆ ಇಡೀ ವಾರ್ಡು ಮನೆಯೊಳಕ್ಕೆ ಬಂದೀತು ಎಂದು. ಹೀಗೆ ತಮ್ಮ ಸ್ವಂತ ತಲೆನೋವನ್ನು ಹೇಳಿಕೊಳ್ಳಲು ಒಂದು ಪ್ರಾಣಿಯೂ ಇಲ್ಲದೆ ಎಷ್ಟೋ ಜನ ರಿಟೈರ್ ಆಗಿದ್ದರು.

ನನ್ನನ್ನು ಕರೆಸಿದ್ದು ಡಾಕ್ಟರ್ ಜಯತೀರ್ಥ. ಆಸ್ಪತ್ರೆಯ ಸೂಪರಿಂಟೆಂಡೆಂಟ್, ನನ್ನ ಹಾಗೆಯೇ ಹೊರಗಿನಿಂದ ಬಂದವರು, ಐವತ್ತರ ಸುಮಾರಿನ ಗಂಭೀರ ಮನುಷ್ಯ. “ನೋಡಿ ಕಾತ್ಯಾಯಿನಿ ಮೇಡಂ,” ಎಂದರು ಮೊದಲ ದಿನವೇ, “ಕನ್ನಡದಲ್ಲಿ ಕೇಳಿದರೆ ಬರುತ್ತೆ. ಉರ್ದುನಲ್ಲಿ, ತೆಲುಗಿನಲ್ಲಿ ಕೇಳಿದರೂ ಬರುತ್ತೆ. ಇಂಗ್ಲಿಷಿನಲ್ಲಿ ಕೇಳಿ ಇಂಗ್ಲಿಷಿನಲ್ಲಿ ಹೇಳಿದರೆ ಮಾತ್ರ ಬರುವುದಿಲ್ಲ. ನಾನೇ ಪರೀಕ್ಷೆ ಮಾಡಿ ನೋಡಿದ್ದೀನಿ. ನನ್ನ ನರ್ಸುಗಳು ನಲವತ್ತಕ್ಕೇ ಮುದುಕಿಯರಾಗ್ತಿದ್ದಾರೆ. ಅವರನ್ನ ಉಳಿಸಬೇಕು. ಅದಕ್ಕೆ ನಿಮ್ಮ ಇಂಗ್ಲಿಷ್ ಬೇಕು.” ರೋಗಿಗಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು ಎಂದು ನಾನು ಕೇಳಿದೆ. “ಅವರಿಗೆ ಹತ್ತು ವಾಕ್ಯ ಸಾಕು. ನರ್ಸುಗಳೇ ಹೇಳಿಕೊಡುತ್ತಾರೆ” ಎಂದರು.

ಇಂಗ್ಲಿಷ್ ಕಲಿಸಿ ಕಲಿಸಿ ಕೂದಲು ನೆರೆಸಿಕೊಂಡವಳು ನಾನು. ಟ್ಯುಟೋರಿಯಲ್ಲಿನಲ್ಲಿ, ಕಾಲೇಜಿನಲ್ಲಿ, ಮದುವೆಯಾಗಿ ಹೊರದೇಶಕ್ಕೆ ಹೋಗುವ ಹುಡುಗಿಯರಿಗೆ, ಎಲ್ಲರಿಗೂ ಕಲಿಸಿದ್ದೇನೆ. ಇಂಗ್ಲಿಷಿನಲ್ಲಿ ಏನೂ ದಾಟುವುದಿಲ್ಲ ಎಂಬ ಕಾರಣಕ್ಕೇ ಅದನ್ನು ಕಲಿಸಿ ಎಂದು ಕೇಳಿದವರು ಮಾತ್ರ ಅವರೊಬ್ಬರೇ. ಆದರೂ ಅವರ ಮಾತಿನಲ್ಲಿ ಕಳಕಳಿ ಇತ್ತು. ನನಗೆ ಅದು ಹಿಡಿಸಿತು, ಒಪ್ಪಿಕೊಂಡೆ.

ಮಧ್ಯಾಹ್ನ ಮೂರಕ್ಕೆ, ಕೆಳಗಿನ ಮಹಡಿಯ ಹಾಲಿನಲ್ಲಿ ಕ್ಲಾಸು. ಇಪ್ಪತ್ತೆರಡು ನರ್ಸುಗಳು. ನಾನು ಎಲ್ಲ ಕಡೆ ಮಾಡುವಂತೆ ಕಾರ್ಡು ಹಂಚಿದೆ. ಒಂದರ ಮೇಲೆ ‘ನೀವು ರೋಗಿ, ನಿಮಗೆ ಎರಡು ದಿನದಿಂದ ಹೊಟ್ಟೆನೋವು’, ಇನ್ನೊಂದರ ಮೇಲೆ ‘ನೀವು ನರ್ಸ್, ವಿಚಾರಿಸಿ’. ಕಾರ್ಡನ್ನು ಸತ್ತ ಇಲಿಯ ಹಾಗೆ ತುದಿಬೆರಳಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಜರೀನಾ ಎಂಬ ಹುಡುಗಿ, ಎಲ್ಲರಿಗಿಂತ ಕಿರಿಯವಳು, ಚೂಟಿ, ಎದ್ದು ನಿಂತು, “ಮೇಡಂ, ನಂಗೆ ಹೊಟ್ಟೆನೋವಿಲ್ಲ” ಎಂದಳು. ಇಲ್ಲದಿದ್ದರೇನಮ್ಮ, ಇದೆ ಅಂದುಕೋ ಎಂದೆ. “ಇಲ್ಲದ್ದನ್ನ ಇದೆ ಅನ್ನೋಕಾಗಲ್ಲ ಮೇಡಂ. ನಮ್ಮಮ್ಮಂಗೆ ಗೊತ್ತಾದ್ರೆ ಮನೇಗೇ ಸೇರ್ಸಲ್ಲ. ಬೇಕಾದ್ರೆ ಹಲ್ಲುನೋವಿದೆ, ಅದನ್ನ ಹೇಳ್ಲಾ?”

ನಾನು ಮಾಡಿದ ತಪ್ಪು ಅಲ್ಲಿಯೇ. ಆಯ್ತು, ಹಲ್ಲನ್ನೇ ಹೇಳು ಎಂದೆ. ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಡ್ರಾಯರಿಗೆ ಹಾಕಿದೆ. ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ನಿಜವಾದ ನೋವುಗಳನ್ನೇ ಹೇಳತೊಡಗಿದರು. ಅಬ್ಬಾ, ಹೇಳುವುದೇನು ಹೇಳುವುದು! ಕೆಲಸಕ್ಕೆ ಸೇರಿದಾಗಿನಿಂದ ಯಾರೂ ಬಾಯಿ ತೆರೆಯಲು ಬಿಡದಿದ್ದ ಹೆಂಗಸರು ಅವರು. ಇಂಗ್ಲಿಷಿನಲ್ಲಿ ಹೇಳಿದರೆ ಯಾರಿಗೂ ತೊಂದರೆಯಿಲ್ಲ ಎಂದು ತಿಳಿದ ಮೇಲೆ ಕಟ್ಟೆಯೊಡೆದು ಬಂತು. ಕತ್ತು, ಬೆನ್ನು, ಹಿಮ್ಮಡಿ, ಎರಡನೇ ಹೆರಿಗೆಯ ನಂತರ ಬಿಡದ ಕಿಬ್ಬೊಟ್ಟೆಯ ಸೆಳೆತ. ಅವರ ಹತ್ತಿರ ನೋವಿಗೆ ಅದೆಷ್ಟು ಹೆಸರುಗಳಿದ್ದವೆಂದರೆ ನನ್ನ ಇಂಗ್ಲಿಷ್ ಸಾಲದಾಯಿತು. ‘ಪೇನ್’ ಎಂದು ಬೋರ್ಡಿನ ಮೇಲೆ ಬರೆದರೆ, “ಯಾವ ಪೇನು ಮೇಡಂ? ಚಳುಕಾ, ಸಿಡಿತಾನಾ, ಹಿಂಡೋದಾ, ಕೊರೆಯೋದಾ?” ಎಂದು ಮುಗಿಬಿದ್ದರು. ನಾನು ರಾತ್ರಿ ಡಿಕ್ಷನರಿ ಇಟ್ಟುಕೊಂಡು ಕುಳಿತು, ಮರುದಿನ ಒಂದೊಂದಕ್ಕೂ ಒಂದೊಂದು ಮಾತು ಹುಡುಕಿ ತಂದುಕೊಟ್ಟೆ. ಥ್ರಾಬಿಂಗ್, ಬರ್ನಿಂಗ್, ಸ್ಟ್ಯಾಬಿಂಗ್. ಹೊಸ ಬಳೆ ಕೊಂಡವರ ಹಾಗೆ ಅವರು ಅದನ್ನು ಮತ್ತೆಮತ್ತೆ ಆಡಿಸಿ ನೋಡುತ್ತಿದ್ದರು.

ಎಲ್ಲರೂ ಹೇಳುತ್ತಿದ್ದರು, ಚೆನ್ನಾಜಮ್ಮ ಒಬ್ಬಳನ್ನು ಬಿಟ್ಟು.

ಚೆನ್ನಾಜಮ್ಮ ಆ ಆಸ್ಪತ್ರೆಯ ಹಿರಿಯ ನರ್ಸು. ಐವತ್ತಾರು ವಯಸ್ಸು, ಮೂವತ್ತು ವರ್ಷದ ಸರ್ವಿಸು. ಅಗಲ ಮುಖ, ಸಣ್ಣ ಕಣ್ಣು, ಕುಂಟುತ್ತಾ ಬಂದು ಹಿಂದಿನ ಬೆಂಚಿನಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದಳು. ಊರಿನಲ್ಲಿ ಆಕೆಯಂತೆ ಕೇಳುವವರು ಇನ್ನೊಬ್ಬರಿಲ್ಲ ಎಂದು ಹೆಸರು. ಬೇರೆಯವರು ಕೇಳಿದರೆ ಅರ್ಧ ಬರುತ್ತಿತ್ತು, ಆಕೆ ಕೇಳಿದರೆ ಮುಕ್ಕಾಲು ಪಾಲು ಬರುತ್ತಿತ್ತಂತೆ. ಆಪರೇಷನ್ ಆದವರು ಕಣ್ಣು ಬಿಡುತ್ತಿದ್ದಂತೆ ಗಂಡನನ್ನಲ್ಲ, ಹೆಂಡತಿಯನ್ನಲ್ಲ, ಚೆನ್ನಾಜಮ್ಮನನ್ನು ಕರೆಯುತ್ತಿದ್ದರು. ಆಕೆಯ ಸರದಿ ಬಂದಾಗ ನಾನು ಕೇಳಿದೆ, ಇಂಗ್ಲಿಷಿನಲ್ಲಿ, ನಿಮಗೆಲ್ಲಿ ನೋವು ಎಂದು. “ನೋ ಪೇನ್, ಟೀಚರಮ್ಮ” ಎಂದಳು. ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಹಾಗೆಂದಳು. ನನಗೆ ಸಿಟ್ಟು ಬಂತು. “ಸುಳ್ಳು ಹೇಳಬಾರದು ಅಂತ ನೀವೇ ಅಂತೀರಿ!” ಎಂದೆ. ಆಕೆ ನಕ್ಕು, “ಸುಳ್ಳಲ್ಲಮ್ಮ. ಕೇಳಿ ಕೇಳಿ, ನಂದ್ಯಾವ್ದು, ಅವ್ರದ್ಯಾವ್ದು ಅಂತ ಮರ್ತೇ ಹೋಗೈತೆ” ಎಂದಳು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು.

ಎರಡು ತಿಂಗಳಲ್ಲಿ ವಾರ್ಡುಗಳಿಗೆ ಇಂಗ್ಲಿಷ್ ಬಂತು. ಹಾಸಿಗೆಯ ತಲೆದೆಸೆಗೆ ಹತ್ತು ವಾಕ್ಯದ ಹಾಳೆ ಅಂಟಿಸಿದರು. ನರ್ಸುಗಳು ಕೇಳುವುದು, ರೋಗಿಗಳು ಒಪ್ಪಿಸುವುದು, ಚಾರ್ಟು ತುಂಬುವುದು. ನರ್ಸುಗಳ ಮುಖದಲ್ಲಿ ಕಳೆ ಬಂತು. ಜರೀನಾ ಮಧ್ಯಾಹ್ನವೂ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿದ್ದಳು. ಡಾಕ್ಟರ್ ಜಯತೀರ್ಥರು ಕಾರಿಡಾರಿನಲ್ಲಿ ಅದನ್ನು ನೋಡಿ, ನನ್ನ ಕಡೆ ತಿರುಗಿ ತಲೆಬಾಗಿದರು. ನಾನು ಹಿಗ್ಗಿ ಹೀರೇಕಾಯಿಯಾದೆ, ಸುಳ್ಳೇಕೆ ಹೇಳಲಿ.

ಆದರೆ ಒಂದು ದಿನ ಮೂಳೆ ವಾರ್ಡಿನಲ್ಲಿ ಹನ್ನೊಂದನೇ ಹಾಸಿಗೆಯ ಪುಟ್ಟಸಿದ್ದಜ್ಜನ ಹತ್ತಿರ ನಿಂತೆ. ಗಾರೆ ಕೆಲಸದವನು, ಸಾರುವೆ ಮುರಿದು ಬಿದ್ದು ತೊಡೆ ಮುರಿದುಕೊಂಡಿದ್ದ. ಜರೀನಾ ಬಂದು, “ಹೌ ಈಸ್ ಯುವರ್ ಪೇನ್, ಅಜ್ಜಾ?” ಎಂದಳು. ಅಜ್ಜ ಹಾಳೆಯ ಕಡೆ ನೋಡಿ, “ಸೇಮ್ ಸಿಸ್ಟರ್. ವೆರಿ ಸೇಮ್” ಎಂದ. ಆಕೆ ಬರೆದುಕೊಂಡು ಹೋದಳು. ಅಜ್ಜ ನನ್ನನ್ನು ನೋಡಿ, “ಇಂಗ್ಲೀಸು ಚೆಂದಾಗೈತೆ ಕಣಮ್ಮ. ಆದ್ರೆ ಅದ್ರಲ್ಲಿ ಹೇಳಿದ್ರೆ ಹಗುರ ಆಗಕಿಲ್ಲ. ಕಚೇರೀಲಿ ಅರ್ಜಿ ಕೊಟ್ಟಂಗಾಯ್ತದೆ” ಎಂದ. ಬೈದು ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಆತ ಹಾಗೆ ಹೇಳಲಿಲ್ಲ, ಮೆತ್ತಗೆ ಹೇಳಿದ, ನನಗೆ ಬೇಜಾರಾಗಬಾರದು ಎಂಬಂತೆ. ಅಂದು ಮನೆಗೆ ಬಂದು ಊಟ ಸೇರಲಿಲ್ಲ.

ಆ ವಾರವೇ ಡಾಕ್ಟರು ಆರ್ಡರ್ ಹೊರಡಿಸಿದರು. ತಿಂಗಳ ಕೊನೆಗೆ ಮೌಖಿಕ ಪರೀಕ್ಷೆ. ಪಾಸಾದವರು ವಾರ್ಡಿನಲ್ಲಿ ಇರುತ್ತಾರೆ. ಫೇಲಾದವರು ರೋಗಿಗಳ ಹತ್ತಿರ ಹೋಗುವಂತಿಲ್ಲ, ಸ್ಟೋರಿಗೋ ಲಾಂಡ್ರಿಗೋ ಹೋಗಬೇಕು. ಇಪ್ಪತ್ತೆರಡು ಜನರಲ್ಲಿ ಇಪ್ಪತ್ತೊಂದು ಜನಕ್ಕೆ ಹೆದರಿಕೆಯಿರಲಿಲ್ಲ. ಆರ್ಡರ್ ಯಾರಿಗಾಗಿ ಎಂಬುದು ಎಲ್ಲರಿಗೂ ಗೊತ್ತಿತ್ತು. ಚೆನ್ನಾಜಮ್ಮ ಒಬ್ಬಳು ಮಾತ್ರ ಇನ್ನೂ ಕದ್ದುಮುಚ್ಚಿ ಕನ್ನಡದಲ್ಲಿ ಕೇಳುತ್ತಿದ್ದಳು. ನಾನು ಡಾಕ್ಟರ ರೂಮಿಗೆ ಹೋಗಿ ಜಗಳವಾಡಿದೆ. ರಿಟೈರ್ ಆಗಲು ಎರಡು ವರ್ಷ ಇರುವವಳನ್ನು ಹೀಗೆ ಮಾಡಬೇಡಿ ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೇಡಂ, ನಾನು ಬಂದ ವರ್ಷ ರಾಜಮ್ಮ ಅಂತ ಒಬ್ಬ ಸಿಸ್ಟರು ಬರ್ನ್ಸ್ ವಾರ್ಡಿನಲ್ಲಿ ಆರನೇ ಹಾಸಿಗೆಯನ್ನ ಕೇಳಿ, ಏಳನೆಯದಕ್ಕೆ ಹೋಗುವಾಗ ಬಿದ್ದುಬಿಟ್ಟರು. ಮತ್ತೆ ಏಳಲಿಲ್ಲ. ಚೆನ್ನಾಜಮ್ಮನವರ ಇಸಿಜಿ ನೋಡಿದ್ದೀನಿ ನಾನು. ಅವರು ಸ್ಟೋರಿನಲ್ಲಾದರೂ ಬದುಕಿರಲಿ.” ನಾನು ಬಂದ ದಾರಿಗೆ ಸುಂಕವಿಲ್ಲ ಎಂದು ವಾಪಸ್ ಬಂದೆ. ಇಬ್ಬರೂ ಸರಿಯಾಗಿದ್ದಾಗ ಯಾರ ಮೇಲೆಂದು ಕೂಗಾಡುವುದು?

ಚೆನ್ನಾಜಮ್ಮ ಅಂದೇ ಸಂಜೆ ನನ್ನ ಮನೆಗೆ ಬಂದಳು. ಸೆರಗಿನಲ್ಲಿ ಅವರೆಕಾಯಿ. “ಕಲಿಸ್ಕೊಡಿ ಟೀಚರಮ್ಮ” ಎಂದು ಜಗಲಿಯ ಮೇಲೆ ಕುಳಿತಳು. “ಮೂವತ್ ವರ್ಷ ಜನದ್ ಮುಖ ನೋಡ್ಕಂಡ್ ಬದುಕ್ದೋಳು ನಾನು. ಆ ಕತ್ತಲ್ ಸ್ಟೋರಲ್ಲಿ ದುಪ್ಪಟಿ ಮಡಚ್ತಾ ಕೂತ್ರೆ ಎದೆ ಒಡೆದೇ ಸಾಯ್ತೀನಿ. ಡಾಕ್ಟ್ರಿಗೆ ಅದು ತಿಳಿಯಾಕಿಲ್ಲ.” ಇಬ್ಬರೂ ಅವರೆಕಾಯಿ ಸುಲಿಯುತ್ತಾ ಪಾಠ ಶುರುಮಾಡಿದೆವು. ನಾಲಿಗೆ ತಿರುಗದು. ‘ವೇರ್’ ಎಂದರೆ ‘ವ್ಯಾರ’, ‘ಸಿನ್ಸ್’ ಎಂದರೆ ‘ಶಿನಸು’. ಹತ್ತು ವಾಕ್ಯದಲ್ಲಿ ಮೂರು ಮಾತ್ರ ತಲೆಯಲ್ಲಿ ನಿಂತವು. ಎಲ್ಲಿ ನೋಯ್ತಿದೆ, ಹೇಗೆ ನೋಯ್ತಿದೆ, ಇನ್ನೇನಾದರೂ ಹೇಳಬೇಕಾ.

ಆದರೆ ನಾನೊಂದು ಗಮನಿಸಿದೆ. ಬೇರೆ ನರ್ಸುಗಳು ಪ್ರಶ್ನೆ ಕೇಳಿದ ತಕ್ಷಣ ಪೆನ್ನು ಹಿಡಿಯುತ್ತಿದ್ದರು. ಈಕೆ ಕೇಳಿ, ಕಾಯುತ್ತಿದ್ದಳು. ಮುಖ ನೋಡುತ್ತಾ, ಅವಸರವೇ ಇಲ್ಲದೆ, ಉತ್ತರ ಬರುವುದು ನಾಳೆಯಾದರೂ ಕೂತಿರುತ್ತೇನೆ ಎಂಬಂತೆ. ಇಂಗ್ಲಿಷ್ ಕಲಿಸುವ ಯಾವ ಪುಸ್ತಕದಲ್ಲಿಯೂ ನಾನು ಅದನ್ನು ಓದಿರಲಿಲ್ಲ. ಮಾರನೆಯ ದಿನ ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದೆ, ಚೆನ್ನಾಜಕ್ಕನ ಹಾಗೆ ಕೇಳಿ ಎಂದು. ಅಕ್ಕ ಎಂದದ್ದು ನನಗೇ ತಿಳಿಯದೆ ಬಾಯಿಂದ ಬಂದಿತ್ತು. ಜೋಡಿ ಮಾಡಿದಾಗ ಈಗ ಎಲ್ಲರೂ ಆಕೆಯ ಎದುರೇ ಕೂರಲು ಪೈಪೋಟಿ ಮಾಡತೊಡಗಿದರು. ಜರೀನಾಳಂತೂ ಇಡೀ ವಾರ ತನ್ನ ಹಲ್ಲಿನ ಕಥೆಯನ್ನು ಆಕೆಗೆ ಇಂಗ್ಲಿಷಿನಲ್ಲಿ ಹೇಳಿ ಹೇಳಿ, “ಈವಾಗ ಎಷ್ಟೋ ವಾಸಿ” ಎಂದು ನಗುತ್ತಾ ಏಳುತ್ತಿದ್ದಳು. ಪುಟ್ಟಸಿದ್ದಜ್ಜನೂ ‘ಸೇಮ್’ ಬಿಟ್ಟು, “ಲಿಟ್ಲ್ ಬೆಟರ್ ಸಿಸ್ಟರ್” ಎನ್ನುವುದಕ್ಕೆ ಕಲಿತಿದ್ದ. ಎಲ್ಲ ನನ್ನ ಪಾಠದ ಗುಣ ಎಂದು ನಾನು ಬೀಗುತ್ತಿದ್ದೆ. ಎಂಥ ಪೆದ್ದಿ ನಾನು!

ಪರೀಕ್ಷೆಯ ದಿನ ಹಾಲಿನಲ್ಲಿ ಎದುರುಬದುರು ಎರಡು ಕುರ್ಚಿ ಹಾಕಿದ್ದರು. ರೋಗಿಯ ಕುರ್ಚಿಯಲ್ಲಿ ಸ್ವತಃ ಡಾಕ್ಟರ್ ಜಯತೀರ್ಥರೇ ಕುಳಿತರು. ಹೊರಗಿನವರಾದ್ದರಿಂದ ಇಲ್ಲದ ನೋವನ್ನು ಹೇಳಲು ಅವರಿಗೆ ಸಂಕೋಚವಿರಲಿಲ್ಲ. ಕಾರ್ಡು ನೋಡಿ ಎದೆನೋವು ಎನ್ನುತ್ತಿದ್ದರು, ತಲೆಸುತ್ತು ಎನ್ನುತ್ತಿದ್ದರು. ನರ್ಸುಗಳು ಮೂಗು ಮುರಿಯುತ್ತಲೇ ಟಕಟಕನೆ ಪ್ರಶ್ನೆ ಕೇಳಿ ಮುಗಿಸಿದರು. ಇಪ್ಪತ್ತೊಂದು ಜನ ಪಾಸು. ಕೊನೆಗೆ ಚೆನ್ನಾಜಮ್ಮ ಎದ್ದು ಹೋಗಿ ಅವರೆದುರು ಕುಳಿತಳು. ಕೈಯಲ್ಲಿ ಕರ್ಚೀಫು ಹಿಂಡುತ್ತಿದ್ದಳು.

“ವೇರ್ ಈಸ್ ಪೇನಿಂಗ್, ಸಾರ್?” ಎಂದಳು.

ಡಾಕ್ಟರು ಕಾರ್ಡು ನೋಡಿ, ಎರಡು ಗಂಟೆಯಿಂದ ಹೊಟ್ಟೆಯಲ್ಲಿ ತೀವ್ರ ನೋವು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಈಗ ಆಕೆ ಎರಡನೇ ಪ್ರಶ್ನೆ ಕೇಳಬೇಕು. ಕೇಳಲಿಲ್ಲ. ಅವರ ಮುಖವನ್ನೇ ನೋಡುತ್ತಾ ಕುಳಿತಳು. ಅರ್ಧ ನಿಮಿಷ ಆಯಿತು. ಡಾಕ್ಟರು ಗಂಟಲು ಸರಿಮಾಡಿಕೊಂಡರು. ಮರೆತುಬಿಟ್ಟಳಲ್ಲ ಶಿವನೇ ಎಂದು ನಾನು ತಲೆ ಮೇಲೆ ಕೈಹೊತ್ತೆ. ಜರೀನಾ ಹಿಂದಿನಿಂದ ತುಟಿಯಾಡಿಸಿ ಹೇಳಿಕೊಡುತ್ತಿದ್ದಳು. ಚೆನ್ನಾಜಮ್ಮ ಅತ್ತ ನೋಡಲೇ ಇಲ್ಲ. “ದಟ್ ಈಸ್ ಕಾರ್ಡ್ ಪೇನ್, ಸಾರ್,” ಎಂದಳು ಮೆಲ್ಲಗೆ. “ಯುವರ್ ಪೇನ್, ವೇರ್?”

ನನಗೇನೂ ಇಲ್ಲ ಎಂದು ಡಾಕ್ಟರು ನಕ್ಕರು. ಆಕೆ ನಗಲಿಲ್ಲ, ಕಾದಳು. ಇಂಗ್ಲಿಷಿನಲ್ಲಿ ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ ಎಂಬ ಧೈರ್ಯ ಅವರಿಗೆ. ಅದನ್ನು ಅವರೇ ಪರೀಕ್ಷೆ ಮಾಡಿ ನೋಡಿದ್ದರು. ಅದಕ್ಕೇ ಇರಬೇಕು, ಕಾರ್ಡನ್ನು ಬದಿಗಿಟ್ಟು, ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿಯೇ ಹೇಳಿದರು. ಬಲಗೈ. ಹೆಬ್ಬೆರಳಿನ ಬುಡದಿಂದ ಮೊಣಕೈಯವರೆಗೆ. ಮೂರು ವರ್ಷದಿಂದ. ಮೊದಮೊದಲು ಜೋಮು, ಆಮೇಲೆ ಕೊರೆಯುವುದು, ಈಗ ಬೆಂಕಿಯಿಟ್ಟ ಹಾಗೆ. ತಾನೊಬ್ಬ ಸರ್ಜನ್, ಚಾಕು ಹಿಡಿಯಲಾಗದೆ ಈ ಕುರ್ಚಿಯ ಕೆಲಸಕ್ಕೆ ಬಂದದ್ದು. ಇದನ್ನು ಮನೆಯಲ್ಲೂ ಯಾರಿಗೂ ಹೇಳಿಲ್ಲ.

“ಎನಿಥಿಂಗ್ ಮೋರ್, ಸಾರ್?” ಎಂದಳು ಚೆನ್ನಾಜಮ್ಮ. ಆಕೆಯ ಕೈಯಿಂದ ಕರ್ಚೀಫು ಕೆಳಗೆ ಬಿತ್ತು.

ಡಾಕ್ಟರು ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಬೆರಳು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. ಕಣ್ಣು ತುಂಬಿ ಬಂದದ್ದು ನಮಗೆಲ್ಲರಿಗೂ ಕಾಣುತ್ತಿತ್ತು. ಆಮೇಲೆ ಎದುರಿಗೆ ನೋಡಿದರು. ಚೆನ್ನಾಜಮ್ಮ ತನ್ನ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದು, ತುಟಿ ಕಚ್ಚಿ ಕುಳಿತಿದ್ದಳು. ಅವರ ಮುಖದ ರಕ್ತವೇ ಇಳಿದುಹೋಯಿತು. “ಇಂಗ್ಲಿಷಿನಲ್ಲಿ... ಬಂತಾ?” ಎಂದರು.

“ನಂಗೆ ಹದಿನೈದ್ ದಿನದಿಂದ ಬರ್ತಾ ಐತೆ ಸಾರ್” ಎಂದಳು ತಲೆ ತಗ್ಗಿಸಿ. “ಜರೀನಾ ಹಲ್ಲೂ ಬಂತು, ಹನ್ನೊಂದನೇ ಹಾಸ್ಗೆ ತೊಡೇನೂ ಬಂತು. ಹೇಳಿದ್ರೆ ಕ್ಲಾಸ್ ನಿಲ್ಲುಸ್ತೀರ, ನನ್ನ ಸ್ಟೋರಿಗೆ ಹಾಕ್ತೀರ ಅಂತ ಬಾಯ್ ಮುಚ್ಕಂಡಿದ್ದೆ. ತಪ್ಪಾಯ್ತು.”

ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಎರಡು ತಿಂಗಳಿಗೂ ಹೆಚ್ಚು ಕಾಲ ಇಪ್ಪತ್ತೊಂದು ಹೆಂಗಸರಿಂದ ನಿಜವಾದ ನೋವುಗಳನ್ನೇ ಹೇಳಿಸಿ ಹೇಳಿಸಿ ನಾನು ಆ ಭಾಷೆಯಲ್ಲೂ ನೋವು ದಾಟುವಂತೆ ಮಾಡಿಬಿಟ್ಟಿದ್ದೆ! ಡಾಕ್ಟರು ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ. ಸಿಟ್ಟಲ್ಲ ಅದು, ದಿಕ್ಕು ತೋಚದವರ ನೋಟ. ಅಂಕಪಟ್ಟಿ ಕೈಗೆತ್ತಿಕೊಂಡರು. “ಸಿಸ್ಟರ್, ನಿಮ್ಮಂಥೋರನ್ನ ಉಳಿಸೋಕೆ ಅಂತ ನಾನಿದನ್ನೆಲ್ಲ ಮಾಡಿದ್ದು. ಈಗ ಪಾಸ್ ಅಂತ ಬರೆದರೆ ನಿಮ್ಮನ್ನ ನಾನೇ ಕೈಯಾರೆ ಕೊಂದ ಹಾಗೆ. ಫೇಲ್ ಮಾಡ್ತೀನಿ. ಕ್ಷಮಿಸಿ.”

“ಕೊಲ್ಲೋದು ಅದಲ್ಲ ಸಾರ್” ಎಂದಳು ಚೆನ್ನಾಜಮ್ಮ. ಆಕೆ ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಬರೋದ್ರಿಂದ ಯಾರೂ ಸಾಯಾಕಿಲ್ಲ. ಬಂದಿದ್ದು ಸಂಜೀಗೆ ಹೋಯ್ತದೆ. ನಮ್ದು ಅಂತ ಒಂದಿರ್ತದಲ್ಲ, ಅದು ಎಲ್ಲಿಗೂ ಹೋಗಾಕಿಲ್ಲ. ಅದನ್ನ ಯಾರಾದ್ರೂ ಕೇಳವ್ರಾ?” ಹಾಗೆಂದವಳೇ ಆಡಬಾರದ್ದನ್ನು ಆಡಿದೆನೆಂಬಂತೆ ಸುಮ್ಮನಾದಳು. ನರ್ಸುಗಳೆಲ್ಲ ನೆಲ ನೋಡುತ್ತಿದ್ದರು. ಆಕೆ ಹೇಳಿದ್ದು ಅವರೆಲ್ಲರ ಮಾತೂ ಆಗಿತ್ತು.

ಡಾಕ್ಟರು ಬಹಳ ಹೊತ್ತು ಪಟ್ಟಿಯನ್ನೇ ನೋಡುತ್ತಿದ್ದರು. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು, ಕುರ್ಚಿಯನ್ನು ಮುಂದಕ್ಕೆ ಎಳೆದು, ಕನ್ನಡದಲ್ಲಿ ಕೇಳಿದರು.

“ಚೆನ್ನಾಜಮ್ಮನವರೇ, ನಿಮಗೆಲ್ಲಿ ನೋಯ್ತಿದೆ?”

ಹಿಂದಿನ ಬೆಂಚಿನಿಂದ ಯಾರೋ ಅಯ್ಯೋ ಎಂದರು. ಚೆನ್ನಾಜಮ್ಮ ಎಡಗೈ ಅಡ್ಡ ಹಿಡಿದು, “ಬ್ಯಾಡಿ ಸಾರ್, ಬ್ಯಾಡಿ. ಕೇಳಿದೋರ್ನ ತಿರುಗಿ ಕೇಳ್ಬಾರ್ದು. ನಿಮ್ದು ನಿಮ್ಗೇ ವಾಪಸ್ ಬಂದ್ಬುಡ್ತದೆ” ಎಂದಳು. ಬಂದರೆ ಬರಲಿ ಎಂದರು ಡಾಕ್ಟರು. ಕಾದರು. ಅವರಿಗೆ ಕಾಯುವುದು ಅಭ್ಯಾಸವಿರಲಿಲ್ಲ, ಕಾಲು ಅಲ್ಲಾಡಿಸುತ್ತಿದ್ದರು. ಆದರೂ ಕಾದರು.

ಆಕೆ ಬಾಯಿ ತೆರೆದಳು, ಮುಚ್ಚಿದಳು. ಹೇಳಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಕೇಳಿದವಳಿಗೆ ಹೇಳುವುದು ಎಲ್ಲಿಂದ ಶುರುಮಾಡಬೇಕು ಎಂಬುದೇ ತಿಳಿಯುತ್ತಿರಲಿಲ್ಲ. ಕೊನೆಗೆ ಹೊರಟಿತು. “ಕೈ ಹೇಳಾಕಿಲ್ಲ ಸಾರ್, ಕೈ ಇವತ್ತೊಂದಿನ ನನ್ ಹತ್ರಾನೇ ಇರ್ಲಿ. ಮಂಡಿ ಹೇಳ್ತೀನಿ. ಎರಡೂ ಮಂಡಿ. ಒಳಗೆ ಮರಳು ಹಾಕ್ಕಂಡು ಅರೆದಂಗಾಯ್ತದೆ. ಮೆಟ್ಲು ಹ‌ತ್ತೋವಾಗ ಬಲಗಡೇದು ಕಟ್ ಅಂತದೆ. ರಾಜಮ್ಮ ಸಿಸ್ಟ್ರು ಬಿದ್ದಾಗ ಅವ್ರನ್ನ ಎತ್ಕಂಡ್ ಓಡಿದ್ನಲ್ಲ ಸಾರ್, ಅವತ್ತಿಂದ. ಕೂತ್ಕಂಡ್ ಅಳಾನ ಅಂದ್ರೂ ಕೂರಕ್ಕಾಗ್ತಿರ್ಲಿಲ್ಲ.” ಹೇಳುತ್ತಾ ಹೇಳುತ್ತಾ ಆಕೆಯ ಕಣ್ಣಿಂದ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ನನಗಂತೂ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ. ಜರೀನಾ ನನ್ನ ಭುಜಕ್ಕೆ ಮುಖ ಒತ್ತಿಕೊಂಡು ಅಳುತ್ತಿದ್ದಳು.

ಡಾಕ್ಟರು ಎರಡೂ ಮಂಡಿಗಳ ಮೇಲೆ ಕೈಯೂರಿ ಕಣ್ಣು ಮುಚ್ಚಿದರು. ಹಣೆಯ ಮೇಲೆ ಬೆವರು ಮೂಡಿತು. ಆಮೇಲೆ ಪೆನ್ನು ತೆಗೆದು, ಬಲಗೈಯಲ್ಲಿಯೇ, ಪಟ್ಟಿಯ ಕೊನೆಯ ಸಾಲಿನಲ್ಲಿ ಪಾಸ್ ಎಂದು ದುಂಡಗೆ ಬರೆದರು. “ನಾಳೆಯಿಂದ ಡ್ಯೂಟಿ ಮುಗಿಸಿದ ಸಿಸ್ಟರುಗಳು ಹಾಗೇ ಮನೆಗೆ ಹೋಗುವಂತಿಲ್ಲ,” ಎಂದರು. “ಯಾರಾದರೂ ಒಬ್ಬರು ಕೇಳಿ ಕಳಿಸಬೇಕು. ಸರದಿ ಹಾಕಿ. ನನ್ನ ಹೆಸರು ಮೊದಲು ಬರೀರಿ.” ಎರಡನೆಯದು ನನ್ನದು ಎಂದೆ ನಾನು, ಮೂಗು ಸೀಟುತ್ತಾ. ಬೆಂಚುಗಳಿಂದ ಒಬ್ಬೊಬ್ಬರೇ ಕೈ ಎತ್ತತೊಡಗಿದರು.

ಅಷ್ಟರಲ್ಲಿ ನಾಲ್ಕು ಗಂಟೆ ಹೊಡೆಯಿತು. “ಅಯ್ಯೋ, ಎರಡನೇ ರೌಂಡಿಗೆ ಹೊತ್ತಾಯ್ತು” ಎಂದು ಚೆನ್ನಾಜಮ್ಮ ಕಣ್ಣೊರೆಸಿಕೊಂಡು ಎದ್ದಳು. ಎದ್ದವಳು ಒಂದು ಕ್ಷಣ ಹಾಗೇ ನಿಂತು ತನ್ನ ಕಾಲುಗಳನ್ನು ತಾನೇ ನೋಡಿಕೊಂಡಳು. ಆಮೇಲೆ ಹೊರಟುಹೋದಳು. ಡಾಕ್ಟರೂ ಏಳಲು ಹೋದರು, ಆಗಲಿಲ್ಲ. ನಾನು ಒಂದು ಕಡೆ, ಜರೀನಾ ಒಂದು ಕಡೆ ಕೈಕೊಟ್ಟು ಎಬ್ಬಿಸಿದೆವು. ಒಂದು ಹೆಜ್ಜೆಯಿಟ್ಟು, ಹಾ ಎಂದು ನಿಂತರು. “ಇದನ್ನಿಟ್ಟುಕೊಂಡು ಇವರು ದಿನಾ ಮೇಲಿನ ವಾರ್ಡಿಗೆ ಹೋಗ್ತಿದ್ದರಾ?” ಎಂದು ಕೇಳಿದರು. ಹೌದು ಸಾರ್, ದಿನಕ್ಕೆ ಆರು ಸಲ ಎಂದಳು ಜರೀನಾ. ನಾವು ಮೂವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಕಾರಿಡಾರಿನ ಆ ತುದಿಯಲ್ಲಿ ಚೆನ್ನಾಜಕ್ಕ ಬಲಗೈಯನ್ನು ಎದೆಗೊತ್ತಿ ಹಿಡಿದುಕೊಂಡು, ಗೋಡೆ ಮುಟ್ಟದೆ, ಮೆಟ್ಟಿಲು ಹತ್ತುತ್ತಿದ್ದಳು.